ಅಕ್ಕಿ ಹೇಳಿದ್ದು

ಕ್ಲಾಸಿನ ಕ್ಷೇಮ ನಾಯಕಿಯಾಗಿ ತನ್ನನ್ನು ಆರಿಸಿದ್ದಾರೆ ಎಂದು ಕಾಯ್‌ಲಿನ್ ಊಟಕ್ಕೆ ಕೂತಾಗ ಹೇಳಿದಳು. ಮೇಜಿನ ಸುತ್ತ ಇದ್ದ ಮೂವರಿಗೂ ಅದು ಮೂರು ಥರ ಅರ್ಥವಾಯಿತು.

"ಅಂದ್ರೆ ಕಸ ಗುಡಿಸೋದಾ?" ಎಂದ ಅಪ್ಪ ಬೋರೆನ್, ಮೀನಿನ ಮುಳ್ಳು ಬಿಡಿಸುತ್ತ.

"ಅದು ಸ್ವಚ್ಛತಾ ನಾಯಕಿ ಅಪ್ಪಾ. ನಂದು ಬೇರೆ. ಕ್ಲಾಸಲ್ಲಿ ಯಾರು ಮಂಕಾಗಿದಾರೆ, ಯಾರು ಊಟದ ಡಬ್ಬಿ ಮುಟ್ತಿಲ್ಲ, ಯಾರು ಒಬ್ರೇ ಕೂತಿರ್ತಾರೆ, ಎಲ್ಲ ಗಮನಿಸಿ ವೆನ್ ಟೀಚರ್‌ಗೆ ಹೇಳ್ಬೇಕು. ಅವರು ಆಪ್ತಸಲಹೆ ಕೋಣೆ ಟೀಚರ್."

"ಚಾಡಿ ಹೇಳೋದು ಅನ್ನು," ಎಂದಳು ಅಜ್ಜಿ.

"ಚಾಡಿ ಅಲ್ಲ ಅಜ್ಜಿ, ಕಾಳಜಿ. ಶನಿವಾರ ನಾಯಕತ್ವ ಶಿಬಿರನೂ ಇದೆ. ಬೇರೆಯವರು ಮಾತಾಡುವಾಗ ಮಧ್ಯೆ ಬಾಯಿ ಹಾಕದೆ ಕೇಳೋದು ಹ್ಯಾಗೆ ಅಂತ ಕಲಿಸ್ತಾರೆ."

"ಅದನ್ನ ಕಲಿಸೋಕೆ ಶಿಬಿರ ಬೇರೆ! ನಮ್ಮ ಕಾಲದಲ್ಲಿ ಮದುವೆ ಮಾಡಿ ಕಳಿಸ್ತಿದ್ರು, ಅಷ್ಟೇ."

ಬೋರೆನ್ ಜೋರಾಗಿ ನಕ್ಕ. ಸುಯೂನ್ ಮಗಳ ಬಟ್ಟಲಿಗೆ ಇನ್ನೊಂದು ಸೌಟು ಕಳಲೆ ಸಾರು ಹಾಕಿ, "ಹೈಸ್ಕೂಲಿಗೆ ಸೇರುವಾಗ ಇದಕ್ಕೆ ಅಂಕ ಕೊಡ್ತಾರೇನೇ?" ಎಂದು ಕೇಳಿದಳು.

"ಕೊಡ್ತಾರೆ."

"ಹಾಗಾದ್ರೆ ಮಾಡು."

ಚಿಯಾಯಿ ಊರಿನ ರೈಲು ಹಳಿಯ ಪಕ್ಕದ ಬೀದಿಯಲ್ಲಿ ಅವರ ಮನೆ. ಮನೆಯ ಮುಂಭಾಗವೆಲ್ಲ ಬೋರೆನ್‌ನ ಸ್ಕೂಟರ್ ರಿಪೇರಿ ಅಂಗಡಿ. ಟೈರುಗಳನ್ನು ದಾಟಿ ಒಳಗೆ ಬಂದರೆ ದೇವರ ಪೀಠ. ಅದರ ಮುಂದೆ ಒಂದು ಬಿದಿರಿನ ಕುರ್ಚಿ, ಅದರಲ್ಲಿ ಅಜ್ಜಿ. ಬೀದಿಗೆಲ್ಲ ಅಂಜಿಕೆ ಇಳಿಸುವವಳು ಅವಳೇ. ಬೆಚ್ಚಿಬಿದ್ದು ಅಳುವ ಮಕ್ಕಳು, ನಿದ್ದೆ ಬಾರದ ದೊಡ್ಡವರು, ಲಾರಿ ಸವರಿಕೊಂಡು ಹೋಗಿ ಕೈಕಾಲು ನಡುಗುತ್ತಿರುವವರು ಅವಳ ಹತ್ತಿರ ಬರುತ್ತಿದ್ದರು. ಸ್ಕೂಟರಿಂದ ಬಿದ್ದವರು ಗಾಡಿಯನ್ನು ಮಗನಿಗೆ ಒಪ್ಪಿಸಿ ಅಂಜಿಕೆಯನ್ನು ತಾಯಿಗೆ ಒಪ್ಪಿಸುತ್ತಿದ್ದರು. ಅಜ್ಜಿ ಒಂದು ಬಟ್ಟಲಿಗೆ ಅಕ್ಕಿಯನ್ನು ಅಂಚಿನವರೆಗೆ ತುಂಬಿ, ಅವರು ತೊಟ್ಟ ಅಂಗಿಯಲ್ಲೇ ಬಿಗಿಯಾಗಿ ಸುತ್ತಿ, ಊದುಬತ್ತಿಯ ಹೊಗೆಯ ಮೇಲೆ ಆಡಿಸುತ್ತ ಹೆಸರು ಹಿಡಿದು ಕರೆಯುತ್ತಿದ್ದಳು. ಹೆದರಿ ಮೈಬಿಟ್ಟು ಹೋದ ಜೀವ ಅದನ್ನು ಕೇಳಿ ಮರಳಿ ಬರಬೇಕು. ಆಮೇಲೆ ಗಂಟು ಬಿಚ್ಚಿ, ಅಕ್ಕಿ ಎಲ್ಲಿ ತಗ್ಗಾಗಿದೆ, ಎಲ್ಲಿ ಉಬ್ಬಿದೆ ನೋಡಿ, ಭಯ ಎಲ್ಲಿಂದ ಬಂತೆಂದು ಹೇಳುತ್ತಿದ್ದಳು. ಕೊನೆಗೆ ಅಂಗಿಯ ಕಾಲರಿನ ಒಳಗಡೆ ದೇವರ ಕೆಂಪು ಮುದ್ರೆ.

ದಂತವೈದ್ಯರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವ ಸುಯೂನ್‌ಗೆ ಇದರಲ್ಲಿ ನಂಬಿಕೆ ಇತ್ತೋ ಇಲ್ಲವೋ ಅವಳಿಗೇ ಸರಿಯಾಗಿ ತಿಳಿಯದು. ಕ್ಲಿನಿಕ್ಕಿನಲ್ಲಿ ಯಾರಾದರೂ, "ನಿಮ್ಮತ್ತೆ ಅಂಜಿಕೆ ಇಳಿಸ್ತಾರಂತಲ್ಲ?" ಎಂದು ಕೇಳಿದರೆ, "ಅವರ ಪಾಡಿಗೆ ಏನೋ ಮಾಡ್ತಾರೆ" ಎಂದು ಕಂಪ್ಯೂಟರಿನ ಕಡೆ ತಿರುಗಿಬಿಡುತ್ತಿದ್ದಳು.

ಶಿಬಿರ ಮುಗಿಸಿ ಬಂದ ಮೇಲೆ ಕಾಯ್‌ಲಿನ್ ಮನೆಯವರ ಮೇಲೆ ಅಭ್ಯಾಸ ಶುರುಮಾಡಿದಳು.

"ಅಮ್ಮಾ, ಇವತ್ತು ನಿಂಗೆ ಹೇಗನ್ನಿಸ್ತಿದೆ?"

"ಪಾತ್ರೆ ತೊಳೀಬೇಕು ಅನ್ನಿಸ್ತಿದೆ."

"ಅದು ಅನಿಸಿಕೆ ಅಲ್ಲ, ಕೆಲಸ."

"ನಂಗೆ ಎರಡೂ ಒಂದೇ. ಬಟ್ಟೆ ಒಣಗಿರ್ಬೇಕು, ತಗೊಂಡು ಬಾ."

ಹಾಗೆ ಎರಡು ಮೂರು ವಾರ ಕಳೆಯಿತು. ಒಂದು ಸಂಜೆ ಕಾಯ್‌ಲಿನ್ ಅನ್ನ ಕೆದಕುತ್ತ ಕೂತಳು. ಅವಳ ಪಕ್ಕದ ಬೆಂಚಿನ ರೂಶಾನ್ ಶಾಲೆಗೆ ಬರುವುದನ್ನು ನಿಲ್ಲಿಸಿದ್ದಳು. ಮೊದಮೊದಲು ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು, ಈಗ ಶಾಲೆಯನ್ನೇ. ವೆನ್ ಟೀಚರ್ ಫೋನ್ ಮಾಡಿದರೆ ಅವಳ ಅಮ್ಮ ಹೊಟ್ಟೆನೋವು ಎನ್ನುತ್ತಾರೆ.

"ಹೊಟ್ಟೆನೋವು ಇರಬಹುದಲ್ಲ," ಎಂದಳು ಸುಯೂನ್.

"ಇಷ್ಟು ದಿನಾನಾ? ಅವಳು ನೋಡೋ ರೀತೀನೇ ಬೇರೆ ಆಗಿತ್ತಮ್ಮ. ಮುಂದೆ ಯಾರೂ ಇಲ್ವೇನೋ ಅನ್ನೋ ಥರ. ನಾನೇ ನಾಯಕಿ, ನನ್ನ ಪಕ್ಕದಲ್ಲಿರೋಳನ್ನೇ ನಂಗೆ ನೋಡ್ಕೊಳ್ಳೋಕಾಗಿಲ್ಲ."

"ನೀನು ಟೀಚರ್‌ಗೆ ಹೇಳಿದೀಯ. ನಿನ್ನ ಕೆಲಸ ಆಯ್ತು."

ಊಟ ಮುಗಿದ ಮೇಲೆ ಅಜ್ಜಿ, "ಜೀವ ಎಲ್ಲೋ ಬಿದ್ದುಹೋಗಿದೆ ಆ ಹುಡುಗಿದು," ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ ಹಲ್ಲುಕಡ್ಡಿ ಹುಡುಕಿದಳು.

ಮರುವಾರ ಕ್ಲಿನಿಕ್ಕಿಂದ ಬೇಗ ಬಂದ ಸುಯೂನ್ ಅಡುಗೆಮನೆಯಲ್ಲಿ ಗೆಣಸಿನ ಸೊಪ್ಪು ಹುರಿಯುತ್ತಿದ್ದಳು. ಪೀಠದ ಕಡೆಯಿಂದ ಊದುಬತ್ತಿಯ ವಾಸನೆ, ಅತ್ತೆಯ ಗುನುಗು. ಇಣುಕಿ ನೋಡಿದರೆ ಕುರ್ಚಿಯ ಎದುರು ರೋಗಿ ಯಾರೂ ಇಲ್ಲ. ಕಾಯ್‌ಲಿನ್ ಒಬ್ಬಳೇ ಮಂಡಿಯೂರಿ ಕೂತಿದ್ದಾಳೆ. ಅಜ್ಜಿಯ ಕೈಯಲ್ಲಿ ಶಾಲೆಯ ನೀಲಿ ಜಾಕೆಟ್ಟಿನ ಗಂಟು.

"ಅದು ಯಾರ ಜಾಕೆಟ್ಟೇ?"

"ರೂಶಾನ್‌ದು. ಕ್ಲಾಸಲ್ಲಿ ಕುರ್ಚಿ ಮೇಲೇ ಬಿಟ್ಟು ಹೋಗಿದ್ಲು. ಮೈಮೇಲಿನ ಬಟ್ಟೆ ಇದ್ರೆ ಸಾಕು, ಆಳು ಬರಬೇಕಂತಿಲ್ಲ ಅಂದ್ರು ಅಜ್ಜಿ."

ಅಜ್ಜಿ ಗಂಟು ಬಿಚ್ಚಿ ಅಕ್ಕಿ ನೋಡಿದಳು. ಬಟ್ಟಲನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದಳು. "ಈ ಭಯ ಹೊರಗಿಂದ ಬಂದದ್ದಲ್ಲ," ಎಂದಳು. "ಮನೆಯೊಳಗೇ ಇದೆ."

ಬಾಣಲೆಯಲ್ಲಿ ಸೊಪ್ಪು ಸೀಯುವ ವಾಸನೆ ಬಂತು. ಸುಯೂನ್ ಒಳಗೆ ಓಡಿದಳು. ಮರುದಿನ ಕಾಯ್‌ಲಿನ್ ಜಾಕೆಟ್ಟನ್ನು ರೂಶಾನ್‌ಳ ಮನೆ ಬಾಗಿಲಿಗೆ ಕೊಟ್ಟು ಬಂದಳಂತೆ. ಅಲ್ಲಿಗೆ ಅದು ಮುಗಿಯಿತು ಎಂದು ಸುಯೂನ್ ಅಂದುಕೊಂಡಳು.

ಶಾಲೆಯಿಂದ ಫೋನ್ ಬಂದಾಗ ಅವಳು ಕೌಂಟರಿನಲ್ಲಿ ಒಬ್ಬ ಮುದುಕರ ಹಲ್ಲಿನ ಸೆಟ್ಟಿಗೆ ರಸೀದಿ ಬರೆಯುತ್ತಿದ್ದಳು. ವೆನ್ ಟೀಚರ್ ಮೆತ್ತಗೆ, ಬಹಳ ಮರ್ಯಾದೆಯಿಂದ ಮಾತಾಡಿದರು. ರೂಶಾನ್‌ಗೆ ಮನೆಯೊಳಗೇ ಭಯ ಇದೆ ಎಂದು ಕಾಯ್‌ಲಿನ್ ಬಂದು ಹೇಳಿದ್ದಳು. ಅಂಥ ಮಾತು ಕಿವಿಗೆ ಬಿದ್ದ ಮೇಲೆ ಮೇಲಿನವರಿಗೆ ತಿಳಿಸದೆ ಇರುವ ಹಾಗಿಲ್ಲ, ಅದು ಕಾನೂನು. ತಿಳಿಸಿದರು. ಮಕ್ಕಳ ರಕ್ಷಣೆಯ ಕಚೇರಿಯಿಂದ ಒಬ್ಬರು ರೂಶಾನ್‌ಳ ಮನೆಗೆ ಹೋಗಿ, ಅಪ್ಪನನ್ನು ಬೇರೆ ಕೂರಿಸಿ, ಅಮ್ಮನನ್ನು ಬೇರೆ ಕೂರಿಸಿ ವಿಚಾರಿಸಿದರು.

"ರೂಶಾನ್ ತಾನೇ ಕಾಯ್‌ಲಿನ್ ಹತ್ರ ಹೇಳಿದ್ದು ಅಂತ ನಾವೆಲ್ಲ ಅಂದ್ಕೊಂಡ್ವಿ," ಎಂದರು ಟೀಚರ್. "ರೂಶಾನ್ ನಾನು ಯಾರಿಗೂ ಏನೂ ಹೇಳಿಲ್ಲ ಅಂತಿದಾಳೆ. ಅವರಪ್ಪ ಅಮ್ಮ ನಂಬ್ತಿಲ್ಲ. ಹೆತ್ತವರ ಮೇಲೆ ದೂರು ಕೊಟ್ಟಳು ಅಂತ ಅವರಪ್ಪ ಅವಳ ಜೊತೆ ಮಾತೇ ಬಿಟ್ಟಿದಾರೆ. ಯಾರು ಹೇಳಿದ್ದು ಅಂತ ಕಾಯ್‌ಲಿನ್‌ನ ಕೇಳಿದ್ರೆ ಬಾಯೇ ಬಿಡ್ತಿಲ್ಲ. ಗುರುವಾರ ನೀವೂ ಬನ್ನಿ, ರೂಶಾನ್ ಅಮ್ಮನೂ ಬರ್ತಾರೆ."

ಬೆಳಕಿಗೆ ಹಿಡಿದ ಅಕ್ಕಿಯ ಬಟ್ಟಲು ಸುಯೂನ್‌ಳ ಕಣ್ಣ ಮುಂದೆ ಬಂತು.

ಆ ಸಂಜೆ ಟರ್ಕಿ ಕೋಳಿ ಅನ್ನದ ಪೊಟ್ಟಣಗಳನ್ನು ಹೊರಗಿಂದ ತಂದಿದ್ದರೂ ಯಾರೂ ಇನ್ನೂ ಬಿಚ್ಚಿರಲಿಲ್ಲ.

"ಅಕ್ಕಿ ಹೇಳಿದ್ದನ್ನ ಹೋಗಿ ಸ್ಕೂಲಲ್ಲಿ ಹೇಳ್ತಾರೇನೇ?"

"ಟೀಚರ್ ಹೇಳಿದ್ರಮ್ಮ, ಏನೇ ಗೊತ್ತಾದ್ರೂ, ಎಷ್ಟು ಚಿಕ್ಕದಾದ್ರೂ ಮುಚ್ಚಿಡ್ಬೇಡ ಅಂತ."

"ಯಾರಿಂದ ಗೊತ್ತಾಯ್ತು ಅಂತಾನೂ ಹೇಳ್ಬೇಕಿತ್ತಲ್ಲ!"

"ಹೇಳಿದ್ರೆ ಅಜ್ಜೀನ ನೋಡಿ ನಗ್ತಿದ್ರು. ನಿಂಗೂ ಅಜ್ಜಿ ವಿಷ್ಯ ಅಂದ್ರೆ ನಾಚಿಕೆ ಅಲ್ವಾ? ಕ್ಲಿನಿಕ್ಕಲ್ಲಿ ನೀನು ಹೇಳ್ಕೊಂಡಿದೀಯಾ?"

ಸುಯೂನ್ ಅತ್ತೆಯ ಕಡೆ ನೋಡದೆ ಪೊಟ್ಟಣದ ರಬ್ಬರ್ ಬ್ಯಾಂಡು ಬಿಡಿಸಿದಳು.

ಬೋರೆನ್ ಕೈ ಒರೆಸಿಕೊಳ್ಳುತ್ತ ನಡುವೆ ಬಂದ. "ಇಷ್ಟೊಂದು ಯಾಕೆ ಎಳೀತೀರಿ? ರೂಶಾನ್ ಹೇಳಿದಂಗಿತ್ತು, ನಂಗೇ ಸರಿಯಾಗಿ ಕೇಳಿಸ್ಲಿಲ್ಲ ಅಂತ ಅಂದ್ಬಿಡ್ಲಿ. ಕ್ಷಮೆ ಕೇಳಿದ್ರೆ ಮುಗೀತು. ಅಮ್ಮನ ಹೆಸರು ಯಾಕೆ ತರಬೇಕು?"

"ಅವಳು ಹೇಳೇ ಇಲ್ಲ ಅಪ್ಪಾ! ಹಾಗಂದ್ರೆ ಅವರ ಮನೇಲಿ ಅವಳೇ ಸುಳ್ಳುಗಾತಿ ಆಗ್ತಾಳೆ."

"ನಿಜ ಹೇಳಿದ್ರೆ ನಾಯಕಿ ಪಟ್ಟ ಹೋಗುತ್ತೆ, ಅಂಕಾನೂ ಹೋಗುತ್ತೆ."

"ಹೋಗ್ಲಿ."

"ನಿಮ್ಮಮ್ಮನ್ನ ಕೇಳು, ಹೋಗ್ಲಿ ಅಂತಾಳಾ ನೋಡೋಣ."

ಇಬ್ಬರೂ ಸುಯೂನ್ ಕಡೆ ತಿರುಗಿದರು. ಗಂಡ ಹೇಳಿದ್ದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೆ ಅತ್ತೆಯ ಅಕ್ಕಿಬಟ್ಟಲಿನ ವಿಷಯ ಶಾಲೆಯಲ್ಲಿ ತೆರೆದು ಹೇಳುವುದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ಅಷ್ಟರಲ್ಲಿ ಅಜ್ಜಿ ತನ್ನ ಪೊಟ್ಟಣ ಬಿಚ್ಚಿ ತಿನ್ನಲು ಶುರುಮಾಡಿದ್ದಳು.

"ಸ್ಕೂಲಿಗೆ ಯಾವತ್ತು ಹೋಗ್ಬೇಕು?"

"ಗುರುವಾರ," ಎಂದಳು ಸುಯೂನ್.

"ನನ್ನ ಬೂದು ಬಣ್ಣದ ಕೋಟು ಇಸ್ತ್ರಿ ಮಾಡಿಡು. ನಾನೂ ಬರ್ತೀನಿ."

"ನೀವ್ಯಾಕೆ ಅತ್ತೆ?"

"ಅಕ್ಕಿ ನೋಡಿದ್ದು ನೀನಾ?"

ಆಪ್ತಸಲಹೆ ಕೋಣೆಯಲ್ಲಿ ಮೆತ್ತನೆಯ ಸೋಫಾ, ಬುಟ್ಟಿ ತುಂಬ ಬಟ್ಟೆ ಬೊಂಬೆಗಳು. ರೂಶಾನ್‌ಳ ತಾಯಿ ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಕೂತವರಂತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹೆಂಗಸು. ಅವರು ಚೀಲದಿಂದ ನೀಲಿ ಜಾಕೆಟ್ಟು ತೆಗೆದು ಕಾಲರು ಮಗುಚಿದರು. ಕೆಂಪು ಮುದ್ರೆ.

"ಇದೇನು? ನನ್ನ ಮಗಳಿಗೆ ಏನು ಮಾಡಿಸಿದೀರಿ ನೀವು? ಮಾಟಾನಾ?"

"ಮಾಟ ಅಲ್ಲ ಆಂಟಿ..." ಕಾಯ್‌ಲಿನ್ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಜಾಕೆಟ್ಟು, ಬಟ್ಟಲು, ಅಜ್ಜಿ ಓದಿದ್ದು. "ರೂಶಾನ್ ನಂಗೆ ಏನೂ ಹೇಳಿಲ್ಲ. ಒಂದು ಮಾತೂ ಹೇಳಿಲ್ಲ. ದಯವಿಟ್ಟು ಅವರಪ್ಪಂಗೆ ಹೇಳಿ."

ವೆನ್ ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕಿ," ಎಂದರು. ಕಾನೂನಿನ ಪ್ರಕಾರ ತಾವು ಮೇಲೆ ತಿಳಿಸಿದ್ದು ಅಕ್ಕಿಯ ಮಾತು ಎಂಬುದು ಅವರ ತಲೆಗೆ ಆಗಷ್ಟೇ ಹೋಗುತ್ತಿದ್ದಂತೆ ಕಂಡಿತು.

"ಚಿಕ್ಕ ಹುಡುಗಿಗೆ ಬುದ್ಧಿ ಇಲ್ಲ ಅನ್ನೋಣ," ರೂಶಾನ್‌ಳ ತಾಯಿ ಅಜ್ಜಿಯ ಕಡೆ ತಿರುಗಿದರು. "ನೀವು ಹಿರಿಯರು. ನಮ್ಮನೆ ಮೆಟ್ಟಿಲು ತುಳಿದಿಲ್ಲ. ನಮ್ಮನೆಯೊಳಗೆ ಭಯ ಇದೆ ಅಂತ ಹೇಗೆ ಹೇಳಿದ್ರಿ?"

ಅಜ್ಜಿ ಬೂದು ಕೋಟಿನ ಗುಂಡಿ ಸರಿಮಾಡಿಕೊಂಡಳು. "ಎಲ್ಲರಿಗೂ ಅದನ್ನೇ ಹೇಳ್ತೀನಮ್ಮ."

ವೆನ್ ಟೀಚರ್ ಕನ್ನಡಕ ಮತ್ತೆ ಹಾಕಿಕೊಂಡರು.

"ಮೊದಲು ನಾಯಿ ಅಂತಿದ್ದೆ, ನೀರು ಅಂತಿದ್ದೆ. ಅಕ್ಕಿ ನೋಡಿದ್ರೆ ಏನೋ ಕಾಣೋದು. ಈಗ ಕಣ್ಣು ಮಂಜು. ಆದ್ರೆ ಒಂದು ಗೊತ್ತಾಯ್ತು. ನಾಯಿ ಅಂದ್ರೆ ಅಪ್ಪ ಹೋಗಿ ಪಕ್ಕದ ಮನೆ ನಾಯಿಗೆ ಕಲ್ಲು ಹೊಡೀತಿದ್ದ. ಮನೆಯೊಳಗೇ ಇದೆ ಅಂದ್ರೆ ಗಂಡ ಹೆಂಡತಿ ಮುಖ ಮುಖ ನೋಡ್ಕೊಂಡು ಸುಮ್ನಾಗ್ತಿದ್ರು. ನಾಲ್ಕು ದಿನ ಮೆತ್ತಗೆ ಮಾತಾಡೋರು, ಬಾಗಿಲು ದಡಾರ್ ಅನ್ನಿಸ್ತಿರ್ಲಿಲ್ಲ. ಅಷ್ಟರಲ್ಲಿ ಮಗು ನಿದ್ದೆ ಮಾಡೋದು. ಅದಕ್ಕೆ ಅದನ್ನೇ ಹೇಳ್ತೀನಿ. ನಿಮ್ಮನೆ ನಂಗೆ ಗೊತ್ತಿಲ್ಲ. ತಪ್ಪಾಯ್ತು." ಅಜ್ಜಿ ಎದ್ದು, ನಡು ಬಾಗಿಸಿ, ತಲೆ ತಗ್ಗಿಸಿ ನಿಂತಳು.

"ನಮ್ಮನೇಲಿ ಯಾರೂ ಜೋರಾಗಿ ಮಾತಾಡೋದೇ ಇಲ್ಲ," ಎಂದರು ರೂಶಾನ್‌ಳ ತಾಯಿ. "ಅವರಪ್ಪ ಮೊದಲೂ ಹಾಗೇ, ಬೇಜಾರಾದ್ರೆ ವಾರಗಟ್ಟಲೆ..." ಅಲ್ಲಿಗೇ ನಿಲ್ಲಿಸಿದರು. ಜಾಕೆಟ್ಟನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು. "ಇದನ್ನ ಒಗೀಬೇಕು ಅಂತ ಇವತ್ತು ಬಲವಂತವಾಗಿ ಬಿಚ್ಚಿಸಿದೆ. ಹಾಕ್ಕೊಂಡೇ ಮಲಗ್ತಾಳೆ, ಬಿಚ್ಚು ಅಂದ್ರೆ ಬಿಚ್ಚಲ್ಲ. ಯಾಕೆ ಅಂತ ನಂಗೆ ಅರ್ಥ ಆಗ್ತಿಲ್ಲ."

ಯಾರ ಕಡೆಯೂ ನೋಡದೆ ಎದ್ದು ಹೋದರು.

ಕಾಯ್‌ಲಿನ್ ತರಗತಿಗೆ ಹೋದ ಮೇಲೆ ಸುಯೂನ್ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಅತ್ತೆಯ ಮಾತು ಕೇಳಿದಾಗಿನಿಂದ ಅವಳಿಗೆ ಹಳೆಯದೊಂದು ನೆನಪಾಗುತ್ತಿತ್ತು. ಕಾಯ್‌ಲಿನ್ ಕೈಗೂಸಾಗಿದ್ದಾಗ ಮಧ್ಯಾಹ್ನವಿಡೀ ಅಳುತ್ತಿದ್ದಳು. ಅತ್ತೆ ಅಂಗೈಯಗಲದ ಅಂಗಿಯಲ್ಲಿ ಅಕ್ಕಿ ಸುತ್ತಿ, ಬಿಚ್ಚಿ ನೋಡಿ, ಇದೇ ಮಾತು ಹೇಳಿದ್ದಳು. ಆಗ ಸುಯೂನ್ ಬೋರೆನ್ ಜೊತೆ ದಿನಾ ಜಗಳಾಡುತ್ತಿದ್ದಳು. ಬೇರೆ ಮನೆ ಮಾಡೋಣ ಎಂದು. ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ ನೋಡಿಯೂ ಇಟ್ಟಿದ್ದಳು. ಭಯ ಮನೆಯೊಳಗೇ ಇದೆ ಎಂದಾಗ, ಆ ಭಯ ತಾನೇ ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಮರುದಿನ ಹೋಗಿ ಆ ಮನೆ ಬೇಡವೆಂದು ಹೇಳಿ ಬಂದಿದ್ದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಕೆಂಪು ದೀಪಕ್ಕೆ ನಿಂತಾಗ ಹಿಂತಿರುಗದೆಯೇ ಕೇಳಿದಳು. "ಅತ್ತೆ, ಕಾಯ್‌ಲಿನ್ ಕೂಸಾಗಿದ್ದಾಗ ನಂಗೂ ಹಾಗೇ ಹೇಳಿದ್ರಿ."

"ಹೇಗೆ?"

"ಮನೆಯೊಳಗೇ ಇದೆ ಅಂತ."

"ಹೇಳಿದ್ನಾ? ಹೇಳಿರ್ಬೇಕು."

"ನೆನಪಿಲ್ವಾ ನಿಮ್ಗೆ?"

"ಎಲ್ಲರಿಗೂ ಹೇಳೋ ಮಾತು. ಯಾರ್ಯಾರಿಗೆ ಅಂತ ನೆನಪಿಟ್ಕೊಳ್ಲಿ?"

ಸುಯೂನ್ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. "ನಾನು ಆ ಸ್ಟೇಷನ್ ಹಿಂದಿನ ಮನೆ ಬಿಟ್ಟಿದ್ದು ಅದಕ್ಕೇ. ನನ್ನಿಂದಾನೇ ಮಗು ಅಳ್ತಿದೆ ಅಂದ್ಕೊಂಡಿದ್ದೆ ನಾನು. ಇಷ್ಟು ವರ್ಷ!"

ಅಜ್ಜಿ ಹಿಂದಿನಿಂದ ಕೇಳಿದಳು. "ಮಗು ಮಲಗ್ತಾ?"

"ಮಲಗ್ತು."

"ಮತ್ತೆ?"

ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಒತ್ತಿದರು. ಸುಯೂನ್‌ಗೆ ಅಳಬೇಕೋ, ಗಾಡಿ ನಿಲ್ಲಿಸಿ ಅತ್ತೆಯನ್ನು ಅಲ್ಲೇ ಇಳಿಸಿಬಿಡಬೇಕೋ ತಿಳಿಯಲಿಲ್ಲ. ನಡುವನ್ನು ಹಿಡಿದಿದ್ದ ಅತ್ತೆಯ ಕೈ ಇನ್ನಷ್ಟು ಬಿಗಿಯಾಗಿತ್ತು. ಅದು ಬೀಳುವ ಭಯಕ್ಕೋ ಬೇರೆ ಯಾತಕ್ಕೋ, ಅದೂ ತಿಳಿಯಲಿಲ್ಲ. ಗಾಡಿ ಮುಂದೆ ಬಿಟ್ಟಳು.

ಮುಂದಿನ ವಾರಗಳಲ್ಲಿ ಕ್ಷೇಮ ನಾಯಕಿಯ ಹುದ್ದೆ ಬೇರೆ ಹುಡುಗಿಗೆ ಹೋಯಿತು. ಬಿಡುವಿದ್ದಾಗ ಕೋಣೆಗೆ ಬಂದು ಸಹಾಯ ಮಾಡು ಎಂದು ವೆನ್ ಟೀಚರ್ ಹೇಳಿದರಂತೆ, ಕಾಯ್‌ಲಿನ್ ಹೋಗಲಿಲ್ಲ. ಅಂಕದ ಬಗ್ಗೆ ಬೋರೆನ್ ಒಮ್ಮೆ ಗೊಣಗಿದ. ಸುಯೂನ್ ಗೊಣಗುತ್ತಾಳೆಂದು ಎಲ್ಲರೂ ಕಾದರು, ಅವಳು ಗೊಣಗಲಿಲ್ಲ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಅಜ್ಜಿ ಎಂದಿನಂತೆ ಬಿದಿರಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ಆದರೆ ಒಂದು ದಿನ ಯಾರೋ ತಾಯಿ ಕೂಸು ತಂದಾಗ ಅಕ್ಕಿ ಬಿಚ್ಚಿ ಬಹಳ ಹೊತ್ತು ನೋಡಿ, "ನಾಯಿ," ಎಂದದ್ದನ್ನು ಸುಯೂನ್ ಕೇಳಿಸಿಕೊಂಡಳು.

ಕಾಯ್‌ಲಿನ್ ಮಾತ್ರ ಫೋನನ್ನು ಬಟ್ಟಲಿನ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದಳು. ಕಳಿಸಿದ ಒಂದು ಸಂದೇಶಕ್ಕೂ ರೂಶಾನ್‌ಳ ಉತ್ತರವಿಲ್ಲ.

"ಓದಿದಾಳಾ?" ಎಂದು ಸುಯೂನ್ ಕೇಳುವಳು.

"ಓದಿದಾಳೆ. ಬರೆದಿಲ್ಲ."

"ಓದಿದಾಳಲ್ಲ."

"ಅದಕ್ಕೇನರ್ಥ ಅಮ್ಮ?"

"ನಂಗೊತ್ತಿಲ್ಲ ಕಣೇ. ಉಣ್ಣು."

ಒಂದು ಶನಿವಾರ ಮಧ್ಯಾಹ್ನ ಸುಯೂನ್ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅಂಗಡಿಯ ಮುಂದೆ ಬಿಳಿ ಸ್ಕೂಟರೊಂದು ನಿಂತ ಸದ್ದಾಯಿತು. ಹೊರಗೆ ಬಂದು ನೋಡಿದರೆ ರೂಶಾನ್‌ಳ ತಾಯಿ. ಹಿಂದಿನ ಸೀಟಿನಲ್ಲಿ ಸೆಕೆಗೂ ನೀಲಿ ಜಾಕೆಟ್ಟು ತೊಟ್ಟ, ಮೊಣಕೈ ಮೂಳೆ ಎದ್ದು ಕಾಣುವ ಹುಡುಗಿ.

"ಅಂಜಿಕೆ ಗಿಂಜಿಕೆ ಇಳಿಸೋಕಲ್ಲ," ತಾಯಿ ಮೊದಲೇ ಹೇಳಿಬಿಟ್ಟರು. "ಗಾಡಿ ಏನೋ ಸದ್ದು ಮಾಡ್ತಿದೆ. ಈ ಕಡೆ ಬಂದಿದ್ದೆ, ಅದಕ್ಕೆ."

"ಬನ್ನಿ ರೂಶಾನ್ ಅಮ್ಮ, ಕೂತ್ಕೊಳ್ಳಿ," ಎಂದಳು ಸುಯೂನ್.

ಮಹಡಿಯ ಮೆಟ್ಟಿಲಲ್ಲಿ ಕಾಯ್‌ಲಿನ್ ಕಾಣಿಸಿಕೊಂಡಳು. ಇಬ್ಬರೂ ಹುಡುಗಿಯರು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ರೂಶಾನ್ ಶೂ ಕಳಚಿ, ಟೈರುಗಳ ನಡುವೆ ದಾರಿ ಮಾಡಿಕೊಂಡು, ಅಜ್ಜಿಯ ಕುರ್ಚಿ ದಾಟಿ, ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಹಾಕಿದ ಸದ್ದು.

ಸುಯೂನ್ ಅನಾನಸ್ ಹೆಚ್ಚಿ ತಟ್ಟೆಯಲ್ಲಿ ತಂದಿಟ್ಟಳು. ರೂಶಾನ್‌ಳ ತಾಯಿ ಮುಟ್ಟಲಿಲ್ಲ. ಮಹಡಿಯ ಕಡೆ ಮುಖ ಮಾಡಿ ಕಿವಿಗೊಟ್ಟು ಕೂತಿದ್ದರು. ಅಜ್ಜಿ ಒಂದು ಹೋಳು ಚುಚ್ಚಿ ಅವರ ಕೈಗೇ ಕೊಟ್ಟಳು. ಈಸಿಕೊಂಡರು.

ಬೋರೆನ್ ಎಣ್ಣೆಗೈಯಲ್ಲೇ ಅಡುಗೆಮನೆಗೆ ಬಂದು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಬ್ರೇಕ್ ಸರಿ ಇದೆ, ಬೆಲ್ಟ್ ಸರಿ ಇದೆ, ಎಣ್ಣೆನೂ ಹೊಸದು. ಆ ಗಾಡಿಗೆ ಏನೂ ಆಗಿಲ್ಲ. ಏನು ಹೇಳಿ ಕಳಿಸ್ಲಿ?"

ಸುಯೂನ್ ಮೇಲಿನ ಸದ್ದಿಗೆ ಕಿವಿಯಿಟ್ಟಳು. ಮಾತು ಕೇಳಿಸುತ್ತಿರಲಿಲ್ಲ.

"ಬಿಚ್ಚಿ ಹಾಕಿ," ಎಂದಳು. "ಮತ್ತೆ ಜೋಡಿಸೋಕೆ ಹೊತ್ತಾಗುತ್ತೆ ಅನ್ನಿ."